ಹಳೇ ಕಂಪ್ಯೂಟರ್ ಚಾಲೂ ಆಗವಲ್ದು: ಗುಜರಿಗೆ ಹಾಕುವ ಮುಂಚೆ ನೋಡಬೇಕಾದ್ದು

ದೀಪಾವಳಿ ಮುಂದೆ ಮನೆಗೆ ಸುಣ್ಣ-ಬಣ್ಣ ಶುರುವಾಯಿತೆಂದರೆ ಕಲಬುರಗಿಯಲ್ಲಿ ಹಳೇ ಕಂಪ್ಯೂಟರ್‌ಗಳು ಅಟ್ಟದಿಂದ ಕೆಳಗಿಳಿಯುತ್ತವೆ. ಒಂದಿಬ್ಬರು ಗುಂಡಿ ಒತ್ತಿ ನೋಡುತ್ತಾರೆ, ಅದು ಮಿಸುಕುವುದಿಲ್ಲ, ಸಂಜೆಗೆ ಗುಜರಿ ಗಾಡಿ ಏರುತ್ತದೆ. ನಾನು ಸೂಪರ್ ಮಾರ್ಕೆಟ್ ಕಡೆ ಬಹಳ ವರ್ಷ ಡಿಟಿಪಿ ಅಂಗಡಿ ನಡೆಸಿದವನು. ಮದುವೆ ಕಾರ್ಡು, ಜಾತ್ರೆ ಕರಪತ್ರ, ಸ್ಮರಣ ಸಂಚಿಕೆ ಎಲ್ಲವೂ ಇಂಥ ಯಂತ್ರಗಳ ಮೇಲೇ ಆದವು. ಈಗ ಜನ ನನ್ನ ಹತ್ತಿರ ತರುವುದು ಹೆಚ್ಚಾಗಿ ಪೆಂಟಿಯಮ್ ಕಾಲದ ಡಬ್ಬಿಗಳು, ಕಡತ ತುಂಬಿಡುತ್ತಿದ್ದ ಚಪ್ಪಟೆ ಫ್ಲಾಪಿಗಳು. ‘ಸರ, ಚಾಲೂನೇ ಆಗವಲ್ದ್ರಿ’ ಎಂಬುದು ಎಲ್ಲರ ಮೊದಲ ಮಾತು.

ಅದರಲ್ಲಿ ಬಹುಪಾಲು ಸತ್ತಿರುವುದಿಲ್ಲ. ಧೂಳು, ಸಡಿಲಾದ ತಂತಿ, ಮುಗಿದ ಸೆಲ್, ಕಪ್ಪಾದ ರ‍್ಯಾಮ್ (ತಾತ್ಕಾಲಿಕ ನೆನಪಿನ ಪಟ್ಟಿ) ಕಾಲು, ಇಷ್ಟೇ ಇರುತ್ತದೆ. ಸತ್ತಿದ್ದರೂ ಚಿಂತೆಯಿಲ್ಲ, ಡಬ್ಬಿ ಹೋದರೆ ಹೋಗಲಿ. ಒಳಗಿನ ಬರಹ, ಲೆಕ್ಕ, ಫೋಟೊ ಉಳಿಯಬೇಕು. ಕೆಳಗಿನ ಪರೀಕ್ಷೆಗಳ ಸರದಿಯನ್ನು ಆ ಒಂದೇ ಉದ್ದೇಶದಿಂದ ಜೋಡಿಸಿದ್ದೇನೆ. ಖರ್ಚಿಲ್ಲದ್ದು ಮೊದಲು, ಡಿಸ್ಕಿಗೆ ಪೆಟ್ಟು ಬೀಳಬಹುದಾದದ್ದು ಕೊನೆಗೆ.

## ಸ್ವಿಚ್ ಹಾಕುವ ಮುಂಚೆ

ಹತ್ತು ವರ್ಷ ಅಟ್ಟದಲ್ಲಿದ್ದ ಯಂತ್ರಕ್ಕೆ ನೇರ ಕರೆಂಟು ಕೊಡಬೇಡಿ. ಮೊದಲು ಡಬ್ಬಿಯ ಪಕ್ಕದ ತಗಡು ಬಿಚ್ಚಿ, ಹಾರ್ಡ್ ಡಿಸ್ಕಿಗೆ ಹೋಗುವ ನಾಲ್ಕು ತಂತಿಯ ಬಿಳಿ ಪ್ಲಗ್ಗನ್ನು (ಹಳದಿ, ಎರಡು ಕಪ್ಪು, ಕೆಂಪು) ಎಳೆದು ತೆಗೆಯಿರಿ. ಪಕ್ಕದ ಅಗಲ ಪಟ್ಟಿ ಕೇಬಲ್ಲನ್ನೂ ಬಿಡಿಸಿ. ಡಿಸ್ಕ್ ಇಲ್ಲದೆಯೂ ಕಂಪ್ಯೂಟರ್ ಪರದೆ ತೋರಿಸುವಷ್ಟು ಏಳುತ್ತದೆ.

ಈ ಪಾಠವನ್ನು ನಾನು ಕಲಿತದ್ದು ಕಳೆದುಕೊಂಡು. ಕೆಲವು ವರ್ಷದ ಹಿಂದೆ ಪರಿಚಯದವರೊಬ್ಬರ ಯಂತ್ರಕ್ಕೆ ಅವಸರದಲ್ಲಿ ಹಾಗೇ ಕರೆಂಟು ಕೊಟ್ಟೆ. ಎಸ್‌ಎಂಪಿಎಸ್ (ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಬೇಕಾದಷ್ಟಕ್ಕೆ ಇಳಿಸಿಕೊಡುವ ಪೆಟ್ಟಿಗೆ) ಕೆಟ್ಟಿತ್ತು. ಹಾರ್ಡ್ ಡಿಸ್ಕಿನ ಕೆಳಗಿನ ಹಸಿರು ಪಟ್ಟಿಯಿಂದ ಸಣ್ಣ ಎಳೆಯಾಗಿ ಹೊಗೆ ಎದ್ದಿತು, ಅಷ್ಟೇ. ಅದರಲ್ಲಿ ಅವರ ಮಗಳ ತೊಟ್ಟಿಲ ಫೋಟೊಗಳಿದ್ದವು. ಪಕ್ಕದ ತಗಡು ಬಿಚ್ಚಿ ಒಂದು ಪ್ಲಗ್ ಎಳೆಯಲು ಎರಡು ನಿಮಿಷ ಸಾಕಿತ್ತು.

ಆಮೇಲೆ ಧೂಳು. ನಮ್ಮ ಕಡೆಯ ಧೂಳು ಸಾಮಾನ್ಯದ್ದಲ್ಲ. ಶಹಾಬಾದಿ ಕಲ್ಲಿನ ನುಣುಪು ಪುಡಿ, ಗಂಜ್ (ಧಾನ್ಯದ ಪೇಟೆ) ಅಂಗಡಿಯಾದರೆ ತೊಗರಿ ಹೊಟ್ಟು, ಎರಡೂ ಸೇರಿ ಫ್ಯಾನಿನ ಎಣ್ಣೆಗೆ ಅಂಟಿ ಕಂಬಳಿಯಂತಾಗಿರುತ್ತದೆ. ಒಣ ಬಣ್ಣದ ಬ್ರಷ್ಷು, ಬ್ಲೋಯರ್ ಸಾಕು. ಗಾಳಿ ಹೊಡೆಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಹಿಡಿದಿರಿ, ಬಿಟ್ಟರೆ ವಿಪರೀತ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಒದ್ದೆ ಬಟ್ಟೆ, ಪೆಟ್ರೋಲು, ಥಿನ್ನರ್ ಯಾವುದೂ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಹವೆ ಒಣಗಿದಾಗ ಮೈಯಲ್ಲಿ ಸ್ಥಿರ ವಿದ್ಯುತ್ತು ಕೂಡುತ್ತದೆ. ಹಾಗಾಗಿ ಬೋರ್ಡಿಗೆ ಕೈ ಹಚ್ಚುವ ಮುಂಚೆ ಪ್ರತಿ ಸಲ ಡಬ್ಬಿಯ ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ.

## ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ

ಗೋಡೆಯ ಪ್ಲಗ್ ಪಾಯಿಂಟಿಗೆ ಮೊದಲು ಟೇಬಲ್ ಲ್ಯಾಂಪ್ ಹಾಕಿ ನೋಡಿ. ಆಮೇಲೆ ಪವರ್ ಕೇಬಲ್ ಬದಲಿಸಿ. ಮೂರನೆಯದಾಗಿ ಡಬ್ಬಿಯ ಹಿಂದೆ ಎಸ್‌ಎಂಪಿಎಸ್ ಮೇಲಿನ ಸಣ್ಣ ಸ್ವಿಚ್ಚು. ಸುಣ್ಣ ಬಳಿಯುವಾಗ ಯಾರದೋ ಕೈತಾಕಿ ಅದು ಬಂದ್ ಆಗಿದ್ದ ಉದಾಹರಣೆ ನನ್ನಲ್ಲೇ ನಾಲ್ಕಾರಿವೆ.

ಅದರ ಪಕ್ಕದಲ್ಲೇ ಕೆಂಪು ಜಾರುಗುಂಡಿ ಇದ್ದು 115, 230 ಎಂದು ಬರೆದಿದ್ದರೆ, ಅದು 230ರಲ್ಲೇ ಇರಬೇಕು. ಮಕ್ಕಳು ಆಡಿ 115ಕ್ಕೆ ಸರಿಸಿದ್ದರೆ ಕರೆಂಟು ಕೊಟ್ಟ ಕ್ಷಣ ಒಳಗಿನ ಫ್ಯೂಸು, ಕೆಪಾಸಿಟರ್ (ವಿದ್ಯುತ್ತು ಕೂಡಿಡುವ ಬಿಡಿಭಾಗ) ಢಬ್ ಎನ್ನುತ್ತವೆ.

ಇಷ್ಟಕ್ಕೂ ಏಳದಿದ್ದರೆ ಎಸ್‌ಎಂಪಿಎಸ್ ಒಂದನ್ನೇ ಪರೀಕ್ಷಿಸಬಹುದು. ಕರೆಂಟು ಪೂರ್ತಿ ತೆಗೆದು, ಮದರ್‌ಬೋರ್ಡಿಗೆ ಹೋಗುವ 20 ಕಾಲಿನ ದೊಡ್ಡ ಪ್ಲಗ್ ಬಿಡಿಸಿ. ಬಳಕೆಗೆ ಬಾರದ ಹಳೇ ಸಿಡಿ ಡ್ರೈವ್ ಒಂದನ್ನು ಅದರ ತಂತಿಗೆ ಸಿಕ್ಕಿಸಿ, ಕೆಲವು ಎಸ್‌ಎಂಪಿಎಸ್‌ಗಳು ಹೊರೆ ಇಲ್ಲದೆ ಎದ್ದೇಳುವುದಿಲ್ಲ. ದೊಡ್ಡ ಪ್ಲಗ್ಗಿನ ಹಸಿರು ತಂತಿಯ ತೂತಿಗೂ ಯಾವುದಾದರೊಂದು ಕಪ್ಪು ತಂತಿಯ ತೂತಿಗೂ ಪೇಪರ್ ಕ್ಲಿಪ್ಪು ನೆಟ್ಟು, ಕೈ ಹಿಂದೆ ತೆಗೆದು, ಆಮೇಲೆ ಸ್ವಿಚ್ ಹಾಕಿ. ಫ್ಯಾನ್ ತಿರುಗಿದರೆ ಅರ್ಧ ಜಯ. ಉಳಿದರ್ಧಕ್ಕೆ ಮಲ್ಟಿಮೀಟರ್ ಬೇಕು: ಹಳದಿ ತಂತಿ 11.4ರಿಂದ 12.6 ವೋಲ್ಟ್, ಕೆಂಪು 4.75ರಿಂದ 5.25, ಕಿತ್ತಳೆ 3.14ರಿಂದ 3.47. ಇದರಾಚೆ ಹೋದರೆ ಆ ಎಸ್‌ಎಂಪಿಎಸ್ ಬದಲಿಸಿ. ಫ್ಯಾನ್ ತಿರುಗುತ್ತದೆಂಬ ಒಂದೇ ಕಾರಣಕ್ಕೆ ಅದನ್ನು ನಂಬಿ ಡಿಸ್ಕ್ ಜೋಡಿಸಬೇಡಿ.

ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ಗಳಲ್ಲಿ 300 ವೋಲ್ಟಿನ ಆಸುಪಾಸು ಉಳಿದಿರಬಹುದು. ಒಂದು ಬಳಸಿದ ಎಸ್‌ಎಂಪಿಎಸ್ ಬೆಲೆಗೆ ಜೀವ ಒಡ್ಡುವುದು ಬೇಡ.

## ಡಬ್ಬಿ ಮುಟ್ಟಿದರೆ ಜುಮ್ ಎನ್ನುತ್ತದೆ

ಇದು ಕಂಪ್ಯೂಟರಿನ ದೋಷಕ್ಕಿಂತ ಹೆಚ್ಚಾಗಿ ಮನೆಯ ಅರ್ಥಿಂಗ್ ದೋಷ. ಎಸ್‌ಎಂಪಿಎಸ್ ಒಳಗಿನ ಸಣ್ಣ ಸೋಸು ಕೆಪಾಸಿಟರ್‌ಗಳು ಸೋರುವ ವಿದ್ಯುತ್ತನ್ನು ಮೂರನೇ ಪಿನ್ನಿನ ಮೂಲಕ ನೆಲಕ್ಕೆ ಇಳಿಸಬೇಕು. ಹಳೇ ಕಲ್ಲಿನ ಮನೆಗಳಲ್ಲಿ ಆ ಪಿನ್ನಿಗೆ ತಂತಿಯೇ ಇರುವುದಿಲ್ಲ, ಹೀಗಾಗಿ ಅದು ಡಬ್ಬಿಯ ಮೈಮೇಲೆ ನಿಲ್ಲುತ್ತದೆ. ಬರಿಗಾಲಲ್ಲಿ ಕಲ್ಲಿನ ನೆಲದ ಮೇಲೆ ನಿಂತು ಮುಟ್ಟಿದಾಗ ಗೊತ್ತಾಗುತ್ತದೆ. ಇಲ್ಲಿ ನಿಲ್ಲಿಸಿ. ಎಲೆಕ್ಟ್ರೀಷಿಯನ್ ಕರೆಸಿ ಅರ್ಥಿಂಗ್ ಸರಿ ಮಾಡಿಸುವ ತನಕ ಮುಂದಿನ ಯಾವ ಪರೀಕ್ಷೆಯೂ ಬೇಡ. ಜುಮ್ ಅಲ್ಲದೆ ಬಲವಾದ ಹೊಡೆತವೇ ಬಂದರೆ ಎಸ್‌ಎಂಪಿಎಸ್ ಕೂಡ ಹೋಗಿದೆ ಎಂದು ತಿಳಿಯಿರಿ.

## ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು

ಈ ಲಕ್ಷಣದೊಂದಿಗೆ ಬರುವ ಹತ್ತರಲ್ಲಿ ಆರೇಳು ಯಂತ್ರ ಒಂದು ರಬ್ಬರಿನಿಂದ ಸರಿಹೋಗುತ್ತವೆ, ಮಕ್ಕಳ ಕಂಪಾಸ್ ಪೆಟ್ಟಿಗೆಯ ಬಿಳಿ ರಬ್ಬರು.

ಕರೆಂಟು ತೆಗೆದು, ರ‍್ಯಾಮ್ ಪಟ್ಟಿಯ ಎರಡೂ ತುದಿಯ ಬಿಳಿ ಕಿವಿ ಹೊರಕ್ಕೆ ಒತ್ತಿದರೆ ಪಟ್ಟಿ ಮೇಲೇಳುತ್ತದೆ. ಅಂಚಿನ ಚಿನ್ನದ ಬಣ್ಣದ ಕಾಲುಗಳನ್ನು ಬೆಳಕಿಗೆ ಹಿಡಿಯಿರಿ. ಚೆನ್ನಾಗಿದ್ದರೆ ಹೊಳೆಯುತ್ತವೆ. ಕೆಟ್ಟಿದ್ದರೆ ಮಬ್ಬಾಗಿ, ಹಳೇ ಹಿತ್ತಾಳೆ ತಟ್ಟೆಯಂತೆ ಕಂದು ಕಲೆ ಕಾಣುತ್ತವೆ. ರಬ್ಬರಿನಿಂದ ಮೇಲಿಂದ ಅಂಚಿನ ಕಡೆಗೆ ಮಾತ್ರ ಹಗುರಾಗಿ ಉಜ್ಜಿ, ಹಿಂದೆ-ಮುಂದೆ ತಿಕ್ಕಿದರೆ ಕಾಲು ಎದ್ದುಬರುತ್ತದೆ. ಎರಡೂ ಬದಿ ಆದ ಮೇಲೆ ರಬ್ಬರಿನ ಪುಡಿಯನ್ನು ಬ್ರಷ್ಷಿನಿಂದ ಪೂರ್ತಿ ತೆಗೆದು, ಕಿವಿಗಳು ತಾವಾಗಿ ಟಕ್ ಎಂದು ಕೂಡುವ ತನಕ ಒತ್ತಿ ಕೂರಿಸಿ. ಪಟ್ಟಿಯ ಕೆಳಗಿನ ಕಚ್ಚು ನೋಡಿಕೊಳ್ಳಿ: ಎರಡು ಕಚ್ಚಿದ್ದರೆ ಎಸ್‌ಡಿ ರ‍್ಯಾಮ್, ಒಂದಿದ್ದರೆ ಡಿಡಿಆರ್. ಒಂದರ ಜಾಗದಲ್ಲಿ ಇನ್ನೊಂದು ಕೂಡುವುದಿಲ್ಲ, ಬಲವಂತ ಮಾಡಿದರೆ ಸ್ಲಾಟ್ ಒಡೆಯುತ್ತದೆ. ಡಿಸ್‌ಪ್ಲೇ ಕಾರ್ಡ್ ಬೇರೆ ಇದ್ದರೆ ಅದಕ್ಕೂ ಇದೇ ಉಪಚಾರ.

ಈಗ ಕಿವಿಗೊಡಿ. ಅವಾರ್ಡ್ ಕಂಪನಿಯ ಬಯೋಸ್ (ಯಂತ್ರ ಏಳುವಾಗ ಮೊದಲು ಓಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಮ್) ಇರುವ ಬೋರ್ಡಿನಲ್ಲಿ ಒಂದು ಸಣ್ಣ ಬೀಪ್ ಬಂದರೆ ಎಲ್ಲ ಕ್ಷೇಮ, ಮಾನಿಟರ್ ಕಡೆ ನೋಡಿ. ಒಂದು ಉದ್ದ, ಎರಡು ಗಿಡ್ಡ ಎಂದರೆ ಡಿಸ್‌ಪ್ಲೇ ಕಾರ್ಡ್. ಉದ್ದ ಬೀಪ್ ಮತ್ತೆ ಮತ್ತೆ ಬಂದರೆ ರ‍್ಯಾಮ್. ಬೇರೆ ಕಂಪನಿಯ ಬಯೋಸ್ ಆದರೆ ಲೆಕ್ಕ ಬೇರೆ. ಸದ್ದೇ ಇಲ್ಲದಿದ್ದರೆ ಡಬ್ಬಿಯೊಳಗಿನ ಪುಟ್ಟ ಸ್ಪೀಕರಿನ ತಂತಿ ಬೋರ್ಡಿಗೆ ಸಿಕ್ಕಿದೆಯೇ ನೋಡಿ, ಆಮೇಲೆ ನಿರ್ಧರಿಸಿ.

ನಿಮ್ಮಲ್ಲಿ ಇಂಥ ಯಂತ್ರ ಮೂರ್ನಾಲ್ಕಿದ್ದರೆ ಪೋಸ್ಟ್ ಕಾರ್ಡ್ ಎಂಬ ಸಣ್ಣ ಸಾಧನ ಕೊಳ್ಳಿ. ಬಿಳಿ ಪಿಸಿಐ ಸ್ಲಾಟಿಗೆ ಹಾಕಿದರೆ ಎರಡಂಕಿಯ ಸಂಕೇತ ತೋರಿಸುತ್ತದೆ. ಮೊದಲಿನಿಂದ 00 ಅಥವಾ ಎಫ್‌ಎಫ್ ಬದಲಾಗದೇ ನಿಂತರೆ ಪ್ರೊಸೆಸರ್ ಕೆಲಸವನ್ನೇ ಶುರು ಮಾಡಿಲ್ಲ. ಅವಾರ್ಡಿನಲ್ಲಿ ಸಿ1 ಎಂದು ನಿಂತರೆ ರ‍್ಯಾಮ್ ಹುಡುಕುತ್ತಾ ಸಿಕ್ಕಿಕೊಂಡಿದೆ. ಕತ್ತಲಲ್ಲಿ ತಡಕಾಡುವುದು ಅಷ್ಟರಮಟ್ಟಿಗೆ ತಪ್ಪುತ್ತದೆ.

## ತಾರೀಖು ತಪ್ಪು ತೋರಿಸುತ್ತದೆ, ಎಫ್1 ಒತ್ತು ಎನ್ನುತ್ತದೆ

ಇದಕ್ಕೆ ಹೆದರಿ ಯಂತ್ರ ಬಿಸಾಕಿದವರಿದ್ದಾರೆ. ದೋಷ ನಾಣ್ಯದಂತಹ ಸೆಲ್ಲಿನದು, ಹೆಸರು ಸಿಆರ್2032, 3 ವೋಲ್ಟ್. ಗಡಿಯಾರ ಅಂಗಡಿಯಲ್ಲೂ ಸಿಗುತ್ತದೆ. ಬದಲಿಸಿ, ಬಯೋಸಿನಲ್ಲಿ ತಾರೀಖು, ಸಮಯ, ಹಾರ್ಡ್ ಡಿಸ್ಕಿನ ಸೆಟ್ಟಿಂಗ್ ‘ಆಟೋ’ ಎಂದು ಮಾಡಿ ಉಳಿಸಿದರೆ ಮುಗಿಯಿತು. ‘ಹಾರ್ಡ್ ಡಿಸ್ಕೇ ಕಾಣಿಸವಲ್ದು’ ಎಂಬ ದೂರೂ ಎಷ್ಟೋ ಸಲ ಇಲ್ಲಿಗೇ ಮುಗಿಯುತ್ತದೆ. ತೆಗೆದ ಸೆಲ್ಲನ್ನು ಮಕ್ಕಳ ಕೈಗೆ ಸಿಗದಂತೆ ಇಡಿ. ನುಂಗಿದರೆ ಅನ್ನನಾಳ ಸುಡುತ್ತದೆ, ಕೂಡಲೇ ಆಸ್ಪತ್ರೆಗೆ ಓಡಬೇಕಾದ ಸಂಗತಿ ಅದು.

ಪೆಂಟಿಯಮ್ಮಿಗೂ ಹಿಂದಿನ 386, 486 ಕಾಲದ ಬೋರ್ಡುಗಳಲ್ಲಿ ಇದರ ಬದಲು ನೀಲಿ ಪೀಪಾಯಿ ಆಕಾರದ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಇರುತ್ತದೆ. ಸುತ್ತ ಹಸಿರು-ಬಿಳಿ ಬೂಷ್ಟು ಕಂಡರೆ ಅದು ಸೋರಿ ಬೋರ್ಡಿನ ತಾಮ್ರದ ಗೆರೆ ತಿನ್ನುತ್ತಿದೆ. ಕತ್ತರಿಸಿ ತೆಗೆಯಲೇಬೇಕು, ತಡ ಮಾಡಿದಷ್ಟೂ ನಷ್ಟ.

## ಅರ್ಧ ಗಂಟೆ ನಡೆದು ತಾನೇ ಬಂದ್ ಆಗುತ್ತದೆ

ಬೇಸಿಗೆಯಲ್ಲಿ ನಮ್ಮೂರ ಬಿಸಿಲು 40 ಡಿಗ್ರಿ ದಾಟಿರುವಾಗ ಪ್ರೊಸೆಸರ್ ಮೇಲಿನ ಫ್ಯಾನ್ ನಿಧಾನವಾದರೂ ಸಾಕು, ಯಂತ್ರ ತನ್ನನ್ನು ಉಳಿಸಿಕೊಳ್ಳಲು ಬಂದ್ ಆಗುತ್ತದೆ. ಫ್ಯಾನ್ ಕೆಳಗಿನ ಅಲ್ಯೂಮಿನಿಯಂ ಹಲ್ಲುಗಳ ನಡುವಿನ ಧೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ, ಕಡಲೆ ಕಾಳಿನಷ್ಟು ಹೊಸದು ಹಚ್ಚಿ.

ಸರಿಯಾಗದಿದ್ದರೆ ಪ್ರೊಸೆಸರ್ ಸುತ್ತ ನಿಂತ ಸಣ್ಣ ಡಬ್ಬಿಗಳಂಥ ಕೆಪಾಸಿಟರ್‌ಗಳ ತಲೆ ನೋಡಿ. ಸಪಾಟಾಗಿರಬೇಕು. ಉಬ್ಬಿದ್ದರೆ, ಕಂದು ಅಂಟು ಒಸರಿದ್ದರೆ, ಮೀನಿನಂಥ ವಾಸನೆ ಬಂದರೆ ಅವು ಹೋಗಿವೆ. ಸುಮಾರು 1999ರಿಂದ 2007ರವರೆಗೆ ಕೆಟ್ಟ ದ್ರಾವಣದ ಕೆಪಾಸಿಟರ್‌ಗಳು ಜಗತ್ತಿನ ತುಂಬ ಬೋರ್ಡುಗಳಲ್ಲಿ ಸೇರಿಹೋದವು, ನಿಮ್ಮ ಯಂತ್ರ ಆ ಕಾಲದ್ದಾದರೆ ಆಶ್ಚರ್ಯವಿಲ್ಲ. ಬೆಸುಗೆ ಚೆನ್ನಾಗಿ ಬಲ್ಲ ಟಿವಿ ರಿಪೇರಿಯವರು ಬದಲಿಸಬಲ್ಲರು: ಅಷ್ಟೇ ಮೈಕ್ರೋಫ್ಯಾರಡ್, ವೋಲ್ಟ್ ಅಷ್ಟೇ ಅಥವಾ ಹೆಚ್ಚು, 105 ಡಿಗ್ರಿಯದು, ಋಣ ಗೆರೆ ಇದ್ದ ಕಡೆಗೇ. ನನ್ನ ಅಭಿಪ್ರಾಯ ಕೇಳಿದರೆ, ಡಿಸ್ಕಿನಲ್ಲಿದ್ದದ್ದು ಮಾತ್ರ ಬೇಕಿದ್ದರೆ ಬೋರ್ಡಿಗೆ ಈ ಖರ್ಚು ಬೇಡ. ಡಿಸ್ಕನ್ನು ಬೇರೆ ಕಡೆ ಓದಿಸಬಹುದು, ಮುಂದೆ ಹೇಳುತ್ತೇನೆ.

## ಮಾನಿಟರಿನಲ್ಲಿ ಬಣ್ಣದ ಕಲೆ, ಇಲ್ಲವೇ ಏನೂ ಇಲ್ಲ

ಹಿಂದೆ ಗುಡ್ಡದಂತೆ ಉಬ್ಬಿದ ಹಳೇ ಸಿಆರ್‌ಟಿ ಮಾನಿಟರಿನ ಮೂಲೆಯಲ್ಲಿ ಹಸಿರು-ನೇರಳೆ ಕಲೆ ಕಂಡರೆ ಹತ್ತಿರ ಸ್ಪೀಕರ್ ಅಥವಾ ಅಯಸ್ಕಾಂತ ಇದೆ. ದೂರ ಸರಿಸಿ, ಮೆನುವಿನಲ್ಲಿ ಡೀಗಾಸ್ (ಪರದೆಗೆ ಹತ್ತಿದ ಕಾಂತತೆ ಅಳಿಸುವುದು) ಒತ್ತಿ. ಇಡೀ ಪರದೆ ಹಳದಿ ಅಥವಾ ಗುಲಾಬಿ ಆಗಿದ್ದರೆ ಕೇಬಲ್ಲಿನ 15 ಪಿನ್ನುಗಳಲ್ಲಿ ಒಂದು ಬಾಗಿದೆ, ಚಿಮಟದಿಂದ ನೇರ ಮಾಡಿ.

ಸಿಆರ್‌ಟಿ ಹಿಂಬದಿಯನ್ನು ಯಾವ ಕಾರಣಕ್ಕೂ ತೆರೆಯಬೇಡಿ. ಬಣ್ಣದ ಕೊಳವೆಗೆ 25,000 ವೋಲ್ಟಿನಷ್ಟು ಹೋಗುತ್ತದೆ, ಬಂದ್ ಮಾಡಿದ ಮೇಲೂ ಅದರ ಶೇಷ ಕೊಳವೆಯಲ್ಲಿ ಉಳಿದಿರುತ್ತದೆ. ಗುಜರಿಯವರು ತಾಮ್ರಕ್ಕಾಗಿ ಇದನ್ನು ಕಲ್ಲಿನಿಂದ ಒಡೆಯುವುದನ್ನು ಕಂಡಿದ್ದೇನೆ, ನೋಡಿ ಎದೆ ಝಲ್ಲೆಂದಿದೆ. ಕೊಳವೆಯೊಳಗೆ ಗಾಳಿಯಿಲ್ಲ, ಸಿಡಿದರೆ ಗಾಜು ಕಣ್ಣಿಗೆ ಬರುತ್ತದೆ, ಆ ಗಾಜಿನಲ್ಲಿ ಸೀಸವಿದೆ. ನೋಂದಾಯಿತ ಇ-ತ್ಯಾಜ್ಯ ಸಂಗ್ರಹಕಾರರಿಗೇ ಕೊಡಿ.

ಹೊಸ ಎಲ್‌ಇಡಿ ಟಿವಿಗೆ ಜೋಡಿಸಲು ಹೊರಟವರಿಗೆ ಒಂದು ಮಾತು. ಅಂಗಡಿಯಲ್ಲಿ ಎಚ್‌ಡಿಎಂಐಯಿಂದ ವಿಜಿಎ (ಹಳೇ 15 ಪಿನ್ನಿನ ಜೋಡಣೆ) ಮಾಡುವ ಪರಿವರ್ತಕ, ವಿಜಿಎಯಿಂದ ಎಚ್‌ಡಿಎಂಐ ಮಾಡುವುದು ಎರಡೂ ಸಿಗುತ್ತವೆ, ನೋಡಲು ಒಂದೇ ಥರ. ನಿಮಗೆ ಬೇಕಾದ್ದು ಎರಡನೆಯದು. ಅದಕ್ಕೆ ಯುಎಸ್‌ಬಿಯಿಂದ ಕರೆಂಟೂ ಕೊಡಬೇಕು.

## ಗಂಜ್ ಅಂಗಡಿಯ ಪ್ರಿಂಟರ್

ಕಾರ್ಬನ್ ಇಟ್ಟು ಮೂರು ಪ್ರತಿ ಹೊಡೆಯುವುದರಿಂದ ಡಾಟ್ ಮ್ಯಾಟ್ರಿಕ್ಸ್ ಇನ್ನೂ ಅಡತಿಗಳಲ್ಲಿ ಕಿರ್‌ಕಿರ್ ಎನ್ನುತ್ತಿದೆ. ಪ್ರತಿ ಅಕ್ಷರದ ನಡುವೆ ಒಂದೇ ಎತ್ತರದಲ್ಲಿ ಬಿಳಿ ಗೆರೆ ಬಂದರೆ ತಲೆಯ ಒಂದು ಪಿನ್ನು ಸಿಕ್ಕಿದೆ ಅಥವಾ ಮುರಿದಿದೆ. ಎಲ್ಲವೂ ಮಸುಕಾದರೆ ರಿಬ್ಬನ್, ಇಲ್ಲವೇ ಕಾಗದದ ದಪ್ಪದ ಸನ್ನೆ. ಕಸದಂಥ ಅಕ್ಷರ ಬಂದರೆ ಪ್ರಿಂಟರಿನ ಲೈನ್ ಫೀಡ್ ಗುಂಡಿ ಒತ್ತಿ ಹಿಡಿದೇ ಸ್ವಿಚ್ ಹಾಕಿ. ಆ ಸ್ವಪರೀಕ್ಷೆ ಸ್ವಚ್ಛವಾಗಿ ಬಂದರೆ ಪ್ರಿಂಟರ್ ನಿರ್ದೋಷಿ, ಕೇಬಲ್ ಅಥವಾ ಕಂಪ್ಯೂಟರ್ ನೋಡಿ. ಆಗತಾನೇ ಹೊಡೆದ ತಲೆ ಸುಡುತ್ತದೆ, ಕೈ ಹಚ್ಚಬೇಡಿ. ಹೊಸ ಯುಎಸ್‌ಬಿ ಕೇಬಲ್ ಹಾಕಿದ ಮೇಲೆ ವಿಂಡೋಸ್‌ನಿಂದ ಬರುತ್ತದೆ, ವಿಂಡೋಸಿಗೂ ಹಿಂದಿನ ಡಾಸ್ ವ್ಯವಸ್ಥೆಯ ಹಳೇ ಲೆಕ್ಕದ ಪ್ರೋಗ್ರಾಮಿನಿಂದ ಬರುವುದಿಲ್ಲ ಎನ್ನುವವರೂ ಇದ್ದಾರೆ. ಆ ಪ್ರೋಗ್ರಾಮ್ ಎಲ್‌ಪಿಟಿ1 ಎಂಬ ಹಳೇ ದಾರಿಯನ್ನೇ ಹುಡುಕುತ್ತದೆ. ಪ್ರಿಂಟರ್ ಶೇರ್ ಮಾಡಿ ಆ ಹೆಸರಿಗೆ ಹೊಂದಿಸಿದರೆ ಹೊಡೆಯುತ್ತದೆ.

## ಹಾರ್ಡ್ ಡಿಸ್ಕ್: ಸದ್ದು ಕೇಳಿ ನಿರ್ಧರಿಸಿ

ಎಸ್‌ಎಂಪಿಎಸ್ ಖಾತ್ರಿಯಾದ ಮೇಲೆ, ಸಾಧ್ಯವಿದ್ದರೆ ಡಿಸ್ಕನ್ನು ಹಳೇ ಯಂತ್ರಕ್ಕೆ ಮರಳಿ ಜೋಡಿಸದೆ, ಐಡಿಇ (ಅಗಲ ಪಟ್ಟಿ ಕೇಬಲ್ಲಿನ ಹಳೇ ಜೋಡಣೆ) ಯಿಂದ ಯುಎಸ್‌ಬಿಗೆ ತರುವ ಅಡಾಪ್ಟರಿನಿಂದ ಹೊಸ ಕಂಪ್ಯೂಟರಿಗೆ ಹಚ್ಚಿ. ಮೂರೂವರೆ ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕು, ಹಾಗಾಗಿ ಸ್ವಂತ ಪವರ್ ಅಡಾಪ್ಟರ್ ಇರುವುದನ್ನೇ ಕೊಳ್ಳಿ.

ಅಂಗೈ ಮೇಲೆ ಡಿಸ್ಕ್ ಅಲುಗಿಸದೆ ಹಿಡಿದು, ಕರೆಂಟು ಕೊಟ್ಟು ಕೇಳಿ. ಏರುವ ಗುಯ್ ಸದ್ದು, ಆಮೇಲೆ ಒಂದೆರಡು ಚಿಟಕು, ಬಳಿಕ ಸಮನಾದ ತಿರುಗು ಇದ್ದರೆ ಆರೋಗ್ಯ. ಆದರೂ ಕಾಣಿಸದಿದ್ದರೆ ಹಿಂಬದಿಯ ಜಂಪರ್ (ಎರಡು ಪಿನ್ನು ಕೂಡಿಸುವ ಪುಟ್ಟ ಟೋಪಿ) ‘ಮಾಸ್ಟರ್’ ಜಾಗದಲ್ಲಿದೆಯೇ ನೋಡಿ. ವೆಸ್ಟರ್ನ್ ಡಿಜಿಟಲ್ ಆದರೆ ಒಂಟಿ ಡಿಸ್ಕಿಗೆ ಜಂಪರ್ ತೆಗೆದೇಬಿಡಬೇಕು. ಟಕ್... ಟಕ್... ಟಕ್ ಎಂದು ಒಂದೇ ಲಯದಲ್ಲಿ ಬಡಿದುಕೊಂಡರೆ ಓದುವ ತಲೆ ದಾರಿ ತಪ್ಪಿದೆ. ಆ ಕ್ಷಣ ಕರೆಂಟು ತೆಗೆಯಿರಿ. ಇನ್ನೊಂದು ಸಲ ನೋಡೋಣ ಎಂಬ ಆಸೆಯೇ ಉಳಿದದ್ದನ್ನೂ ಕೆರೆದು ಹಾಕುತ್ತದೆ. ಡಿಸ್ಕ್ ಮುಚ್ಚಳ ಬಿಚ್ಚುವುದು, ಫ್ರಿಜ್ಜಿನಲ್ಲಿಡುವುದು, ತಟ್ಟುವುದು ಯಾವುದೂ ಬೇಡ. ಧೂಳಿಲ್ಲದ ಕೋಣೆ ಇರುವ ಡೇಟಾ ರಿಕವರಿಯವರ ಕೆಲಸವದು, ನಮಗೆ ಬೆಂಗಳೂರಿಗಿಂತ ಹೈದರಾಬಾದು ಹತ್ತಿರ. ಬೆಲೆ ಹೆಚ್ಚು, ಒಳಗಿರುವುದು ಅಷ್ಟು ಬಾಳುತ್ತದೆಯೇ ಎಂಬುದನ್ನು ಮನೆಯವರೇ ಕೂತು ತೀರ್ಮಾನಿಸಬೇಕು.

ಡಿಸ್ಕ್ ಕಂಡು, ವಿಂಡೋಸ್ ‘ಫಾರ್ಮ್ಯಾಟ್ ಮಾಡಲೇ’ ಎಂದು ಕೇಳಿದರೆ ಬೇಡ ಎನ್ನಿ. ಓದುವಾಗ ತಡೆತಡೆದರೆ ಕಡತಗಳನ್ನು ಒಂದೊಂದಾಗಿ ಎಳೆಯಬೇಡಿ. ಲಿನಕ್ಸ್‌ನಲ್ಲಿ ಸಿಗುವ ಉಚಿತ ಡಿಡಿ-ರೆಸ್ಕ್ಯೂದಿಂದ ಇಡೀ ಡಿಸ್ಕಿನ ಪ್ರತಿ ತೆಗೆದು, ಆ ಪ್ರತಿಯ ಮೇಲೆ ಕೆಲಸ ಮಾಡಿ.

## ಫ್ಲಾಪಿ ಓದುತ್ತಿಲ್ಲ

ಸೋನಿ ಮೂರೂವರೆ ಇಂಚಿನ ಫ್ಲಾಪಿ ತಂದದ್ದು 1981ರಲ್ಲಿ, ಮಾರಾಟ ನಿಲ್ಲಿಸಿದ್ದು 2011ರಲ್ಲಿ. 80 ಜಾಡು, ಎರಡು ಬದಿ, ಜಾಡಿಗೆ 18 ತುಂಡು, ತುಂಡಿಗೆ 512 ಬೈಟು: ಗುಣಿಸಿದರೆ 14,74,560 ಬೈಟು, ಅದೇ ನಾವು 1.44 ಎಂಬಿ ಎನ್ನುತ್ತಿದ್ದದ್ದು. ಇವತ್ತಿನ ಫೋನಿನ ಒಂದು ಫೋಟೊ ಅದರಲ್ಲಿ ಹಿಡಿಯುವುದಿಲ್ಲ, ಆದರೆ ಒಂದು ಇಡೀ ಕಾದಂಬರಿ ಹಿಡಿಯುತ್ತಿತ್ತು.

ಎರಡು ವರ್ಷದ ಹಿಂದೆ ಆಳಂದ ಕಡೆಯ ಒಬ್ಬ ಹುಡುಗ ಬಟ್ಟೆ ಅಂಗಡಿಯ ಚೀಲದಲ್ಲಿ ಹನ್ನೊಂದು ಫ್ಲಾಪಿ ತಂದ. ತಂದೆ ಶಾಲಾ ಮಾಸ್ತರಾಗಿದ್ದರಂತೆ, ಊರೂರು ತಿರುಗಿ ಕಣದಲ್ಲಿ ಹಾಡುವ ಹಂತಿ ಪದ ಬರೆದುಕೊಂಡು, ಆಮೇಲೆ ಟೈಪು ಮಾಡಿಟ್ಟಿದ್ದರಂತೆ. ‘ಸರ, ನೋಟುಬುಕ್ಕ ಗೆದ್ದಲ ತಿಂದಾವ್ರಿ. ಇದರಾಗ ಅಷ್ಟೇ ಅದಾವ. ಹೆಂಗರೆ ಮಾಡಿ ತೆಗೀಲಾಕ ಬರ್ತದೇನ್ರಿ?’ ಎಂದ. ಅವನ ಫ್ಲಾಪಿಗಳಿಗೆ ಮಾಡಿದ್ದನ್ನೇ ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಮೊದಲು ಮೂಲೆಯ ಸಣ್ಣ ಜಾರುಬಾಗಿಲು ಸರಿಸಿ ತೂತು ತೆರೆದೆ. ಎರಡೂ ಮೂಲೆಯಲ್ಲಿ ಆರಪಾರ ತೂತು ಕಂಡರೆ ಫ್ಲಾಪಿಯ ಮೇಲೆ ಯಾರೂ ಬರೆಯಲಾರರು. ಆಮೇಲೆ ಲೋಹದ ಮುಚ್ಚಳ ಸರಿಸಿ, ಹಿಂಬದಿಯ ಗುಂಡು ಬಿಲ್ಲೆಯನ್ನು ಬೆರಳಲ್ಲಿ ತಿರುಗಿಸುತ್ತಾ ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದೆ. ಒಳಗಿನ ಕಂದು ತಟ್ಟೆ ಕನ್ನಡಿಯಂತಿರಬೇಕು. ಹನ್ನೊಂದರಲ್ಲಿ ಎರಡರ ಮೇಲೆ ಹಿಟ್ಟು ಚೆಲ್ಲಿದಂತೆ ಬಿಳಿ ಚುಕ್ಕೆ, ಮಳೆಗಾಲದ ಬೂಷ್ಟು. ಇಂಥದ್ದನ್ನು ಡ್ರೈವಿಗೆ ಹಾಕಿದರೆ ಬೂಷ್ಟು ಓದುವ ತಲೆಗೆ ಅಂಟಿ, ಮುಂದಿನ ಫ್ಲಾಪಿಯನ್ನೂ ಗೀರುತ್ತದೆ. ಆ ಎರಡನ್ನು ಬದಿಗಿಟ್ಟೆ. ಒಂದರಲ್ಲಿ ವೃತ್ತಾಕಾರದ ಗೀರು ಆಗಲೇ ಬಿದ್ದಿತ್ತು.

ಉಳಿದವು ಯುಎಸ್‌ಬಿ ಫ್ಲಾಪಿ ಡ್ರೈವಿಗೆ. ಇದು ಅಗ್ಗದ್ದು, ಹೊಸ ಲ್ಯಾಪ್‌ಟಾಪಿಗೂ ನಡೆಯುತ್ತದೆ, ಆದರೆ ಮೂರೂವರೆ ಇಂಚಿನದನ್ನು ಮಾತ್ರ ಓದುತ್ತದೆ, ಐದೂಕಾಲು ಇಂಚಿನ ಅಗಲ ಫ್ಲಾಪಿಗೆ ಆಗದು. ಆರು ಸರಾಗವಾಗಿ ಬಂದವು. ಮೂರು ‘ಫಾರ್ಮ್ಯಾಟ್ ಆಗಿಲ್ಲ’ ಎಂದವು. ಈ ಸಂದೇಶಕ್ಕೆ ಫ್ಲಾಪಿ ಖಾಲಿ ಎಂಬ ಅರ್ಥವಲ್ಲ. ಬರೆದ ಡ್ರೈವಿನ ತಲೆ ಕೂದಲೆಳೆಯಷ್ಟು ಪಕ್ಕಕ್ಕಿದ್ದರೂ ಬೇರೆ ಡ್ರೈವ್ ಅದನ್ನು ಓದಲಾರದು. ಹಾಗಾಗಿ ಹಳೇ ಯಂತ್ರದ ಡ್ರೈವನ್ನು ಎಸೆಯಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಹುಡುಗ ಊರಿಗೆ ಹೋಗಿ ತಂದೆಯ ಯಂತ್ರವನ್ನೇ ತಂದ, ಅದರ ಡ್ರೈವಿನಲ್ಲಿ ಒಂದು ಬಂತು. ಜೋಡಿಸುವಾಗ ಡ್ರೈವಿನ ದೀಪ ಆರದೇ ಉರಿಯುತ್ತಿದ್ದರೆ ಪಟ್ಟಿ ಕೇಬಲ್ ಉಲ್ಟಾ ಸಿಕ್ಕಿದೆ, ಫ್ಲಾಪಿ ಹಾಕುವ ಮುಂಚೆ ಸರಿಪಡಿಸಿ.

ಉಳಿದವಕ್ಕೆ ಗ್ರೀಸ್‌ವೀಸಲ್. ತಂತ್ರಜ್ಞಾನವೊಂದು ಹಿಂದೆ ಸರಿಯುವಾಗ ಅದಕ್ಕೆಂದೇ ಕೆಲವರು ವಿಚಿತ್ರ ಹೊಸ ಸಾಧನ ಕಟ್ಟುತ್ತಾರೆ, ನನಗೆ ಅವರ ಮೇಲೆ ಅಪಾರ ಗೌರವ. ಕೀರ್ ಫ್ರೇಸರ್ ಎಂಬವರು ರೂಪಿಸಿದ, ಎಲ್ಲರಿಗೂ ಮುಕ್ತವಾದ ಪುಟ್ಟ ಬೋರ್ಡು ಇದು. ಹಳೇ ಫ್ಲಾಪಿ ಡ್ರೈವನ್ನು 34 ಕಾಲಿನ ಕೇಬಲ್ಲಿನಿಂದ ಇದಕ್ಕೆ ಹಚ್ಚಿದರೆ, ಕಡತ ಇದೆಯೇ ಇಲ್ಲವೇ ಎಂದು ಕೇಳದೆ, ತಟ್ಟೆಯ ಕಾಂತದ ಏರಿಳಿತವನ್ನೇ ಹಾಗ್‌ಹಾಗೇ ದಾಖಲಿಸುತ್ತದೆ. ಒಂದೇ ಜಾಡನ್ನು ಹತ್ತಾರು ಸಲ ಓದಿ, ಸರಿ ಬಂದ ತುಂಡುಗಳನ್ನು ಕೂಡಿಸಬಹುದು. ಇನ್ನೊಂದು ಫ್ಲಾಪಿ ಹೀಗೆ ಪೂರ್ತಿ ಬಂತು. ಒಂದು ಬಾಕಿ ಇತ್ತು, ಅದರಲ್ಲಿ ಮುಕ್ಕಾಲು. ಬೂಷ್ಟಿನ ಎರಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ (ಬೆಂಕಿ ಹತ್ತುವ ದ್ರವ, ಒಲೆ ಹತ್ತಿರ ಬೇಡ), ಪೂರ್ತಿ ಒಣಗಿಸಿ ಕೊನೆಗೆ ಹಾಕಿದೆ. ಒಂದು ಬದುಕಿತು. ಗೀರು ಬಿದ್ದದ್ದು ಹೋಯಿತು.

ಗೋಟೆಕ್ ಎಂಬ ಇನ್ನೊಂದು ಸಾಧನವಿದೆ. ಫ್ಲಾಪಿ ಡ್ರೈವಿನ ಜಾಗದಲ್ಲೇ ಕೂತು, ಪೆನ್‌ಡ್ರೈವನ್ನು ಫ್ಲಾಪಿ ಎಂದು ಯಂತ್ರವನ್ನು ನಂಬಿಸುತ್ತದೆ. ಫ್ಲಾಪಿ ಮಾತ್ರ ಗೊತ್ತಿರುವ ಹಳೇ ಎಂಬ್ರಾಯ್ಡರಿ ಯಂತ್ರಕ್ಕೆ ಇದು ಮರುಜನ್ಮ. ‘8 ಜಿಬಿ ಪೆನ್‌ಡ್ರೈವ್ ಹಾಕಿದೆ, ಕಂಪ್ಯೂಟರಿನಲ್ಲಿ 1.44 ಎಂಬಿ ಮಾತ್ರ ಕಾಣುತ್ತದೆ, ಕೆಟ್ಟಿತೇ?’ ಎಂದು ಕೇಳುತ್ತಾರೆ. ಕೆಟ್ಟಿಲ್ಲ. ಅದು ಪೆನ್‌ಡ್ರೈವನ್ನು ಅಂಕಿ ಹಚ್ಚಿದ ಸಾಲು ಫ್ಲಾಪಿಗಳಾಗಿ ಹಂಚಿದೆ, ವಿಂಡೋಸ್‌ಗೆ ಮೊದಲನೆಯದು ಮಾತ್ರ ಕಾಣುತ್ತಿದೆ.

## ಕಡತ ತೆರೆಯಿತು, ಕನ್ನಡ ಕಾಣಲಿಲ್ಲ

ಇಷ್ಟೆಲ್ಲ ಆದ ಮೇಲೆ ಹುಡುಗನ ಕಣ್ಣೆದುರು ಕಡತ ತೆರೆದರೆ ಪರದೆ ತುಂಬ ಇಂಗ್ಲಿಷ್ ಅಕ್ಷರ, ತಲೆಮೇಲೆ ಗೆರೆಯ ‘ಎ’, ಪೌಂಡ್ ಚಿಹ್ನೆ. ಅವನ ಮುಖ ಬಾಡಿತು. ‘ಎಲ್ಲಾ ಕೆಟ್ಟಾವೇನ್ರಿ?’ ಎಂದ.

ಕೆಟ್ಟಿರಲಿಲ್ಲ. ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ಸ್ವಂತ ಮನೆ ಕೊಡುವ ವ್ಯವಸ್ಥೆ) ಬಳಕೆಗೆ ಬರುವ ಮುಂಚೆ ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಫಾಂಟ್‌ಗಳು ಇಂಗ್ಲಿಷ್ ಅಕ್ಷರದ ಮನೆಗಳಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಪೌಂಡ್ ಚಿಹ್ನೆಯ ಮನೆಯಲ್ಲಿ ನಕಾರ, ದೊಡ್ಡ ‘ಪಿ’ ಮನೆಯಲ್ಲಿ ಕಕಾರ, ತಲೆಗೆರೆಯ ‘ಎ’ ಮನೆಯಲ್ಲಿ ತಲೆಕಟ್ಟು. ‘ಕನ್ನಡ’ ಎಂಬ ಪದ ಪಿ, ತಲೆಗೆರೆಯ ಎ, ಪೌಂಡು, ಮತ್ತೆ ಎ ಎಂದು ಶುರುವಾಗುತ್ತದೆ. ಪರದೆಯಲ್ಲಿ ಪೌಂಡ್ ಚಿಹ್ನೆ ಧಾರಾಳ ಕಂಡರೆ ಅದು ನುಡಿ ಅಥವಾ ಬರಹದ್ದೇ ಎಂದು ಹೆಚ್ಚು ಕಡಿಮೆ ಹೇಳಿಬಿಡಬಹುದು. ಶ್ರೀಲಿಪಿ ಎಂಬ ಇನ್ನೊಂದು ತಂತ್ರಾಂಶದ ಹೊಂದಾಣಿಕೆ ಬೇರೆ.

ಖರ್ಚಿಲ್ಲದ ಪರೀಕ್ಷೆ: ನುಡಿ ಫಾಂಟ್ ಹಾಕಿಕೊಂಡು, ಎಲ್ಲವನ್ನೂ ಆಯ್ದು ಫಾಂಟ್ ಬದಲಿಸಿ. ಕನ್ನಡ ಎದ್ದು ನಿಂತರೆ ನಿದಾನ ಸರಿ. ಅದಕ್ಕೂ ಮುಂಚೆ ವರ್ಡ್‌ನಲ್ಲಿ ಆಟೋಕರೆಕ್ಟ್ ಬಂದ್ ಮಾಡಿ, ಇದನ್ನು ಮರೆಯಬೇಡಿ. ಸಾಲಿನ ಮೊದಲ ಸಣ್ಣಕ್ಷರವನ್ನು ಅದು ದೊಡ್ಡದು ಮಾಡಿದರೆ ಇಲ್ಲಿ ಕನ್ನಡದ ಅಕ್ಷರವೇ ಬೇರೆಯಾಗುತ್ತದೆ. ಮೂಲ ಕಡತವನ್ನು ಮುಟ್ಟದೆ ಪ್ರತಿಯ ಮೇಲೇ ಕೆಲಸ ಮಾಡಿ.

ಆಮೇಲೆ ಯೂನಿಕೋಡ್ ಪರಿವರ್ತಕ. ಪರಿವರ್ತಿಸಿದ ಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಹುಡುಕಿ ನೋಡಿ: ಕರ್ನಾಟಕ, ವರ್ಷ, ಕಾರ್ಯ. ಹಳೇ ಫಾಂಟಿನಲ್ಲಿ ಅರ್ಕಾವೊತ್ತನ್ನು ಬರೆದಂತೆಯೇ ಅಕ್ಷರದ ನಂತರ ಇಡುತ್ತಿದ್ದರು, ಯೂನಿಕೋಡಿನಲ್ಲಿ ಉಚ್ಚರಿಸಿದಂತೆ ಅಕ್ಷರಕ್ಕಿಂತ ಮೊದಲು ಬರಬೇಕು. ಪರಿವರ್ತಕ ಎಡವುವುದು ಹೆಚ್ಚಾಗಿ ಅಲ್ಲೇ. ಒತ್ತಕ್ಷರದ ಮೇಲೆ ದೀರ್ಘ ಬಂದ ಕಡೆಯೂ ಕಣ್ಣಿಡಿ.

ಇದೆಲ್ಲ ಮುಗಿಸಿ ನಾನು ಪದಗಳನ್ನು ಒಂದು ಸಲ ಓದಿದೆ. ಮೂರು ಮಾತು ತಪ್ಪಿದಂತೆ ಕಂಡವು, ಪರಿವರ್ತಕದ ದೋಷವೆಂದು ತಿದ್ದಿದೆ. ಹುಡುಗ ಬಂದು ಪರದೆಗೆ ಮುಖ ಹತ್ತಿರ ಹಿಡಿದು, ತುಟಿ ಅಲುಗಿಸುತ್ತಾ ಓದಿದ. ನಡುವೆ ನಿಂತ. ‘ಸರ, ಇದು ಅಪ್ಪ ಹಿಂಗ ಬರದಿರಲಿಕ್ಕಿಲ್ರಿ. ನಮ್ಮೂರಾಗ ಬ್ಯಾರೇನೇ ಅಂತಾರ’ ಎಂದು ಮೊದಲಿನ ರೂಪವನ್ನೇ ಬಾಯಲ್ಲಿ ಹೇಳಿದ. ಮೂಲ ಕಡತ ಪಕ್ಕದಲ್ಲೇ ತೆರೆದಿತ್ತು, ಅದರಲ್ಲಿದ್ದದ್ದೂ ಅದೇ. ಮೂರನ್ನೂ ವಾಪಸ್ ಮೊದಲಿನಂತೆ ಮಾಡಿದೆ. ಫ್ಲಾಪಿಗಳ ಪೂರ್ತಿ ಪ್ರತಿ, ಹಳೇ ಫಾಂಟಿನ ಕಡತ, ಯೂನಿಕೋಡ್ ಕಡತ ಮೂರನ್ನೂ ಎರಡು ಪೆನ್‌ಡ್ರೈವಿಗೆ ಹಾಕಿ, ಒಂದನ್ನು ಅವನ ಅಕ್ಕನ ಮನೆಯಲ್ಲಿಡಲು ಹೇಳಿ ಕೊಟ್ಟೆ.